ಫಿಟ್ಸ್ ಬಂದ ಮಗುವಿಗೆ ಔಷಧಿ: ನರಕ್ಕೋ, ಹಿಂದಿನಿಂದಲೋ, ಮೂಗಿಗೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೂಗಿನ ಸ್ಪ್ರೇಗೆ. ಯಾಕೆ ಅಂತ ಹೇಳುವ ಮುಂಚೆ ನಮ್ಮ ಮನೆ ಎಲ್ಲಿದೆ ಅಂತ ಹೇಳಬೇಕು. ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯಿಂದ 18 ಕಿಲೋಮೀಟರ್ ಒಳಗೆ. ಮಳೆಗಾಲದಲ್ಲಿ ಆಸ್ಪತ್ರೆ ಮುಟ್ಟಲು ಮುಕ್ಕಾಲು ಗಂಟೆ ಬೇಕು. 108ಕ್ಕೆ ಫೋನ್ ಮಾಡಬೇಕಾದರೂ ಸಿಗ್ನಲ್ ಸಿಗುವ ಜಗಲಿಯ ಮೂಲೆಗೆ ಓಡಬೇಕು. ಹತ್ತು ನಿಮಿಷದಲ್ಲಿ ಡಾಕ್ಟರ್ ಸಿಗುವವರ ಲೆಕ್ಕ ಬೇರೆ ಇರಬಹುದು.

ಮಗಳಿಗೆ ಈಗ ನಾಲ್ಕು ವರ್ಷ. ಜ್ವರ ಏರಿದರೆ ಫಿಟ್ಸ್ ಬರುತ್ತದೆ, ಇಲ್ಲಿಯವರೆಗೆ ನಾಲ್ಕು ಸಲ ಬಂದಿದೆ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಇದು ಅಪರೂಪವೇನಲ್ಲ. ಹೆಚ್ಚಿನವು ಎರಡು ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತವೆ, ಅದಕ್ಕೆ ಯಾವ ಔಷಧಿಯೂ ಬೇಡ. ಐದು ನಿಮಿಷ ದಾಟಿದರೆ ಮಾತ್ರ ನಿಲ್ಲಿಸುವ ಔಷಧಿ ಕೊಡಬೇಕು. ನಮ್ಮವಳದ್ದು ದಾಟುತ್ತದೆ, ಅದೇ ಕಷ್ಟ.

ಮೊದಲ ಸಲ ಶಿವಮೊಗ್ಗದಲ್ಲಿ ತವರಿನಲ್ಲಿದ್ದೆವು. ಆಸ್ಪತ್ರೆ ಹತ್ತಿರವೇ ಇತ್ತು. ನರಕ್ಕೆ ಕೊಡಬೇಕು ಎಂದು ಸಿಸ್ಟರ್ ಹುಡುಕಿದರು. ಎಡಗೈ, ಬಲಗೈ, ಕಾಲು, ಮತ್ತೆ ಎಡಗೈ. ನಾಲ್ಕನೇ ಸಲ ಸಿಕ್ಕಿತು. ಒಂದೂವರೆ ವರ್ಷದ ಮಗುವಿನ ದುಂಡು ಕೈ, ಅದೂ ಅದುರುತ್ತಿರುವ ಕೈ, ಅವರ ತಪ್ಪೇನೂ ಇಲ್ಲ. ಔಷಧಿ ಒಳಗೆ ಹೋದ ಮೇಲೆ ಒಂದು ನಿಮಿಷವೂ ಹಿಡಿಯಲಿಲ್ಲ, ನಿಂತೇ ಹೋಯಿತು. ಆದರೆ ನರ ಸಿಗುವವರೆಗಿನ ಆ ಹೊತ್ತನ್ನು ನಾನು ಮರೆಯುವುದಿಲ್ಲ.

ಆಮೇಲೆ ಗೊತ್ತಾಯಿತು, ದೊಡ್ಡವರಿಗೂ ಇದೇ ಪಾಡು ಅಂತ. 2012ರಲ್ಲಿ ಅಮೆರಿಕದಿಂದ ರಾಂಪಾರ್ಟ್ ಎಂಬ ಅಧ್ಯಯನ ಬಂತು. ಆಂಬುಲೆನ್ಸ್‌ನವರು ಮುಟ್ಟಿದಾಗ ಇನ್ನೂ ಫಿಟ್ಸ್ ನಡೆಯುತ್ತಿದ್ದ 893 ಜನರಲ್ಲಿ ಅರ್ಧದಷ್ಟು ಮಂದಿಗೆ ಸ್ನಾಯುವಿಗೆ ಮಿಡಜೋಲಾಮ್ ಚುಚ್ಚಿದರು, ಉಳಿದವರಿಗೆ ನರಕ್ಕೆ ಲೊರಾಜೆಪಾಮ್. ಎರಡೂ ಫಿಟ್ಸ್ ನಿಲ್ಲಿಸುವ ಔಷಧಿಗಳೇ. ಆಸ್ಪತ್ರೆ ತಲುಪುವಷ್ಟರಲ್ಲಿ ಫಿಟ್ಸ್ ನಿಂತಿದ್ದು ಸ್ನಾಯುವಿನ ಗುಂಪಿನಲ್ಲಿ ನೂರಕ್ಕೆ 73 ಮಂದಿಗೆ, ನರದ ಗುಂಪಿನಲ್ಲಿ 63 ಮಂದಿಗೆ. ಒಳಗೆ ಹೋದ ಮೇಲೆ ನರದ ಔಷಧಿಯೇ ಬೇಗ ಕೆಲಸ ಮಾಡಿತ್ತು. ಆದರೆ ಅದನ್ನು ಒಳಗೆ ಕಳಿಸಲು ಸುಮಾರು ಐದು ನಿಮಿಷ ಹಿಡಿದಿತ್ತು, ಸ್ನಾಯುವಿಗೆ ಒಂದು ನಿಮಿಷದ ಮೇಲೆ ಸ್ವಲ್ಪ, ಅಷ್ಟೇ. ಅದನ್ನು ಓದಿದ ಮೇಲೆ ನಾನು ಔಷಧಿ ಎಷ್ಟು ಬೇಗ ಕೆಲಸ ಮಾಡುತ್ತದೆ ಎಂದು ಕೇಳುವುದನ್ನು ಬಿಟ್ಟೆ. ನಮ್ಮ ಕೈಯಲ್ಲಿ ಎಷ್ಟು ಬೇಗ ಕೊಡಲು ಆಗುತ್ತದೆ ಎಂದು ಕೇಳಲು ಶುರು ಮಾಡಿದೆ.

ಮನೆಗೆ ಮೊದಲು ಬರೆದುಕೊಟ್ಟದ್ದು ಡಯಾಜೆಪಾಮ್, ಗುದದ್ವಾರದಿಂದ ಕೊಡುವುದು. ಗಾಜಿನ ಆಂಪೂಲ್ ಒಡೆಯಬೇಕು, ಸಿರಿಂಜಿಗೆ ಎಳೆಯಬೇಕು, ಸೂಜಿ ತೆಗೆದು ಸಣ್ಣ ನಳಿಕೆ ಸಿಕ್ಕಿಸಿ ಒಳಗೆ ಬಿಡಬೇಕು. ಮೊದಲೇ ತುಂಬಿಡಬೇಡಿ ಎಂದಿದ್ದರು. ಹತ್ತಿಪ್ಪತ್ತು ರೂಪಾಯಿಯ ಔಷಧಿ, ಎಷ್ಟೋ ವರ್ಷಗಳಿಂದ ಬಳಕೆಯಲ್ಲಿದೆ, ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ, ಕರೆಂಟ್ ಇಲ್ಲ, ಯಜಮಾನರು ಟಾರ್ಚ್ ಹಿಡಿದಿದ್ದಾರೆ, ನಾನು ಆಂಪೂಲ್ ಒಡೆದು ಬೆರಳು ಕೊಯ್ದುಕೊಂಡೆ. ಹೇಗೋ ಕೊಟ್ಟೆ. ಅಷ್ಟರಲ್ಲಿ ಅವಳು ಕಕ್ಕ ಮಾಡಿಕೊಂಡಳು, ಔಷಧಿಯೂ ಅದರ ಜೊತೆ ಹೊರಗೆ ಬಂತು. ಎಷ್ಟು ಒಳಗೆ ಉಳಿಯಿತು ಅಂತ ಯಾರು ಹೇಳಬೇಕು? ಮತ್ತೆ ಕೊಡುವ ಹಾಗಿಲ್ಲ, ಜಾಸ್ತಿ ಆದರೆ ಉಸಿರು ಕುಗ್ಗಬಹುದು. ಕಾರಿನಲ್ಲಿ ಹೋಗುವಾಗ ದಾರಿಯಲ್ಲೇ ಫಿಟ್ಸ್ ನಿಂತಿತು. ಮುಂದಿನ ವಾರವೇ ಬೇರೆ ದಾರಿ ಹೇಳಿ ಎಂದು ಡಾಕ್ಟರನ್ನು ಕೇಳಿದೆ.

ಅವರು ಮಿಡಜೋಲಾಮ್ ಮೂಗಿನ ಸ್ಪ್ರೇ ಬರೆದರು. ಮೂಗಿನ ಒಳಪದರದಿಂದ ಔಷಧಿ ನೇರವಾಗಿ ರಕ್ತಕ್ಕೆ ಸೇರುತ್ತದೆ, ಹೊಟ್ಟೆಗೆ ಹೋಗಿ ಲಿವರ್ ದಾಟಿ ಬರಬೇಕಾಗಿಲ್ಲ. ಬಟ್ಟೆ ಬಿಚ್ಚಬೇಕಾಗಿಲ್ಲ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ ಬೇಕಾದರೂ ಕೊಡಬಹುದು.

ಆದರೆ ಇದರಲ್ಲೂ ಒಂದು ತೊಡಕಿದೆ. ಅದನ್ನು ನನಗೆ ಯಾರೂ ಸರಿಯಾಗಿ ಹೇಳಿರಲಿಲ್ಲ, ಅದಕ್ಕೇ ಇಲ್ಲಿ ಉದ್ದಕ್ಕೆ ಬರೆಯುತ್ತೇನೆ. ಒಂದೇ ಸಲ ಒತ್ತಿದರೆ ಮುಗಿಯಿತು ಅಂದುಕೊಂಡಿದ್ದೆ. ಹಾಗಲ್ಲ. ನಮ್ಮ ಬಾಟಲಿಯಲ್ಲಿ ಒಂದು ಒತ್ತಿಗೆ 0.5 ಮಿಲಿಗ್ರಾಂ ಬರುತ್ತದೆ. ಆಗ ಅವಳ ತೂಕ 12 ಕೆ.ಜಿ., ಡಾಕ್ಟರ್ ಲೆಕ್ಕ ಕೆ.ಜಿ.ಗೆ 0.2 ಮಿಲಿಗ್ರಾಂ. ಅಂದರೆ ಐದು ಸಲ ಒತ್ತಬೇಕು, ಒಂದು ಹೊಳ್ಳೆಗೆ ಮೂರು, ಇನ್ನೊಂದಕ್ಕೆ ಎರಡು. ಮಗು ಅದುರುತ್ತಿರುವಾಗ ಐದು ಎಣಿಸುವುದು ಎಷ್ಟು ಕಷ್ಟ ಅಂತ ಆ ಹೊತ್ತು ಕಂಡವರಿಗೇ ಗೊತ್ತು.

ಅದಕ್ಕಿಂತ ದೊಡ್ಡದು ಗಾಳಿ. ಹೊಸ ಬಾಟಲಿಯ ಕೊಳವೆಯಲ್ಲಿ ಔಷಧಿ ಇರುವುದಿಲ್ಲ, ಗಾಳಿ ಇರುತ್ತದೆ. ಮೊದಲು ಹೊರಗೆ ಒತ್ತಿ ಒತ್ತಿ, ಸಣ್ಣ ಮಂಜಿನಂತೆ ಬರುವವರೆಗೆ ಹೊಡೆದು ನೋಡಬೇಕು. ನಾನು ನೋಡಿರಲಿಲ್ಲ. ಮೂರನೇ ಫಿಟ್ಸ್ ಬಂದಾಗ ಮೂಗಿಗೆ ಇಟ್ಟು ಮೂರು ಸಲ ಒತ್ತಿದೆ, ಏನೂ ಬರಲಿಲ್ಲ. ಬಾಟಲಿ ಮಲಗಿಸಿ ಹಿಡಿದರೂ ಹೀಗೇ ಆಗುತ್ತದೆ, ಕೊಳವೆ ಔಷಧಿಯಲ್ಲಿ ಮುಳುಗಿರಬೇಕಲ್ವಾ. ಈಗ ಮಗುವಿನ ತಲೆಯನ್ನು ಸ್ವಲ್ಪ ಎತ್ತಿ, ಬಾಟಲಿ ನೆಟ್ಟಗೆ ಹಿಡಿದು ಹೊಡೆಯುತ್ತೇವೆ, ಮುಗಿದ ಕೂಡಲೇ ಮಗ್ಗುಲಿಗೆ ತಿರುಗಿಸಿ ಮಲಗಿಸುತ್ತೇವೆ.

ಆ ದಿನ ಯಾವ ಒತ್ತು ಲೆಕ್ಕಕ್ಕೆ ಸೇರಿತು, ಯಾವುದು ಸೇರಲಿಲ್ಲ ಎಂದು ಗೊತ್ತಾಗದೆ ನಾನು ಅಳುತ್ತಾ ಕೂತಿದ್ದೆ. ಹಾಗಿದ್ದೂ ನಾಲ್ಕೈದು ನಿಮಿಷದಲ್ಲಿ ನಿಂತಿತು. ಆಮೇಲೆ ನಾವು ಒಂದು ಪದ್ಧತಿ ಮಾಡಿಕೊಂಡೆವು. ಪ್ರತಿ ತಿಂಗಳ ಮೊದಲ ದಿನ ಬಾಟಲಿಯನ್ನು ಗಾಳಿಗೆ ಹೊಡೆದು ನೋಡುವುದು. ಬಾಟಲಿಯ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ 5 ಎಂದು ಬರೆದಿಡುವುದು. ಎಣಿಸುವ ಕೆಲಸ ಅತ್ತೆಯವರದ್ದು. ಮೊದಲ ಸಲ ಮಗುವಿನ ಕೈಗೆ ಕಬ್ಬಿಣದ ಬೀಗದ ಕೈ ಕೊಡು ಎಂದಿದ್ದ ಅತ್ತೆ, ಈಗ ಗಡಿಯಾರ ನೋಡಿ ಹೊತ್ತು ಹೇಳುತ್ತಾರೆ, ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸುತ್ತಾರೆ. ನಾಲ್ಕನೇ ಸಲ ಫಿಟ್ಸ್ ಬಂದಾಗ ಅವರ ದನಿ ಕೇಳಿಯೇ ನನ್ನ ಕೈ ನಡುಗಲಿಲ್ಲ. ಕೊಟ್ಟ ಮೂರು ನಿಮಿಷಕ್ಕೆ ಮಗು ಸಡಿಲವಾಯಿತು, ಆಮೇಲೆ ನಿದ್ದೆ. ನಿದ್ದೆಯಲ್ಲಿ ಎದೆ ಏರಿಳಿಯುವುದನ್ನು ನೋಡುತ್ತಲೇ ಆಸ್ಪತ್ರೆಗೆ ಹೋದೆವು.

ಇನ್ನೊಂದು ವಿಷಯ, ದಯವಿಟ್ಟು ಗಮನಿಸಿ. ಒಂದು ಒತ್ತಿಗೆ 1.25 ಮಿಲಿಗ್ರಾಂ ಬರುವ ಬಾಟಲಿಯೂ ಮಾರುಕಟ್ಟೆಯಲ್ಲಿದೆ. ಅದಾದರೆ ನಮಗೆ ಎರಡೇ ಒತ್ತು ಸಾಕಿತ್ತು. ಆದರೆ ಮೆಡಿಕಲ್‌ನವರು ಹೇಳದೆ ಅದನ್ನು ಕೊಟ್ಟರೆ, ನಾವು ಹಳೇ ಅಭ್ಯಾಸದಲ್ಲಿ ಐದು ಒತ್ತಿದರೆ ಎರಡೂವರೆ ಪಟ್ಟು ಆಗುತ್ತದೆ. ಅಂಗಡಿಯಲ್ಲೇ ನಿಂತು ಡಬ್ಬಿಯ ಮೇಲಿನ ಅಂಕಿ ಓದಿ. ಇದು ಡಾಕ್ಟರ ಚೀಟಿ ಇಲ್ಲದೆ ಕೊಡುವ ಔಷಧಿ ಅಲ್ಲ, ಚೀಟಿ ಜೊತೆಗೇ ಇಟ್ಟುಕೊಳ್ಳಿ.

ನೆಗಡಿ ಇದ್ದರೆ? ಸಿಂಬಳ ಒರೆಸಿ ಹೊಡೆಯಬೇಕು. ಮೂಗು ಉರಿಯುತ್ತದೆ, ಎಚ್ಚರವಾದ ಮೇಲೆ ಉಜ್ಜಿಕೊಳ್ಳುತ್ತಾಳೆ.

ಕೆನ್ನೆ ಮತ್ತು ವಸಡಿನ ನಡುವೆ ಬಿಡುವ ಮಿಡಜೋಲಾಮ್ ಯುರೋಪಿನಲ್ಲಿ ಸಿದ್ಧ ಸಿರಿಂಜಿನಲ್ಲೇ ಸಿಗುತ್ತದೆ, ನಮ್ಮ ಕಡೆ ಯಾವ ಅಂಗಡಿಯಲ್ಲೂ ನನಗೆ ಸಿಗಲಿಲ್ಲ. ಫಿಟ್ಸ್ ನಡೆಯುವಾಗ ಬಾಯಿಗೆ ಸಿರಪ್ಪು, ನೀರು, ಚಮಚ ಯಾವುದೂ ಬೇಡವೇ ಬೇಡ.

ದುಡ್ಡಿನ ಮಾತು. ಸ್ಪ್ರೇಗೆ ಕೆಲವು ನೂರು ರೂಪಾಯಿ. ಅಂಗನವಾಡಿಗೆ ಒಂದು, ಮನೆಗೆ ಒಂದು ಅಂತ ಎರಡು ಇಡುವ ಆಸೆ ಇತ್ತು, ಅಡಿಕೆ ದುಡ್ಡು ಬರುವವರೆಗೆ ಒಂದೇ ಇರಲಿ ಎಂದೆವು. ಅವಳು ಹೋದಲ್ಲಿಗೆ ಬಾಟಲಿಯೂ ಹೋಗುತ್ತದೆ. ಎರಡು ವರ್ಷದಲ್ಲಿ ಎರಡು ಸಲ ಬಳಸಿದ್ದೇವೆ, ಉಳಿದದ್ದು ಅವಧಿ ಮುಗಿದು ಎಸೆಯಬೇಕಾಗುತ್ತದೆ. ಆ ಖರ್ಚಿಗೆ ನನಗೆ ಒಂದು ಚೂರೂ ಬೇಸರ ಇಲ್ಲ.

ಈಗಿನ ಬಾಟಲಿಯ ಅವಧಿ ಬರುವ ತಿಂಗಳು ಮುಗಿಯುತ್ತದೆ. ಅವಳ ತೂಕ 14 ಆಗಿದೆ. ಹೊಸ ಬಾಟಲಿಯ ಮೇಲೆ ಯಾವ ಅಂಕಿ ಬರೆಯಬೇಕು ಅಂತ ಸೋಮವಾರ ಡಾಕ್ಟರನ್ನು ಕೇಳಿಕೊಂಡು ಬರುತ್ತೇವೆ, ಅತ್ತೆಯೂ ಜೊತೆಗೆ ಬರುತ್ತಾರಂತೆ.