ಹಳೆಯ ಆರ್‌ಎಕ್ಸ್-7ಕ್ಕೆ ಯಾವ ಇಗ್ನಿಷನ್: ನಾಲ್ಕು ವ್ಯವಸ್ಥೆಗಳ ಹೋಲಿಕೆ

ಮೊದಲ ತಲೆಮಾರಿನ ಮಾಜ್ಡಾ ಆರ್‌ಎಕ್ಸ್-7 ಕಾರಿನ 12ಎ ರೋಟರಿ ಎಂಜಿನ್ನಿನ (ಪಿಸ್ಟನ್‌ಗಳ ಬದಲು ತ್ರಿಕೋನಾಕಾರದ ಎರಡು ರೋಟರ್‌ಗಳು ತಿರುಗುವ ಎಂಜಿನ್) ಇಗ್ನಿಷನ್, ಅಂದರೆ ಇಂಧನಕ್ಕೆ ಕಿಡಿ ಹಚ್ಚುವ ವ್ಯವಸ್ಥೆ, ಸುಧಾರಿಸಲು ಹೊರಟವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಯಾವ ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಸುರುಳಿ) ಹೆಚ್ಚು ಬಲವಾದ ಕಿಡಿ ಕೊಡುತ್ತದೆ ಎಂಬುದು. ಒಂದೇ ಕಾರಿನಲ್ಲಿ, ಕಾರ್ಬ್ಯುರೇಟರಿನ ಹೊಂದಾಣಿಕೆಯನ್ನು ಬದಲಿಸದೆ, ನಾಲ್ಕು ವ್ಯವಸ್ಥೆಗಳನ್ನು ಒಂದಾದ ಮೇಲೊಂದರಂತೆ ಕೂಡಿಸಿ ಓಡಿಸಿದ ನಂತರ, ಕಿಡಿಯ ಬಲಕ್ಕಿಂತ ಅದು ಕಾಯಿಲ್‌ನಿಂದ ಪ್ಲಗ್‌ವರೆಗೆ ಸಾಗುವ ದಾರಿಯೇ ಮುಖ್ಯವೆಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. 1981ರಿಂದ 1985ರವರೆಗಿನ, ಕಿಡಿಯನ್ನು ಸರದಿಯಂತೆ ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್‌ನ ಮೈಮೇಲೆಯೇ ಎರಡು ಇಗ್ನೈಟರ್‌ಗಳಿರುವ (ಕಾಯಿಲ್‌ನ ವಿದ್ಯುತ್ತನ್ನು ಸರಿಯಾದ ಹೊತ್ತಿಗೆ ಕಡಿಯುವ ಎಲೆಕ್ಟ್ರಾನಿಕ್ ಸ್ವಿಚ್‌ಗಳು) ಮಾದರಿಗಳಿಗೆ ಈ ಹೋಲಿಕೆ ನೇರವಾಗಿ ಅನ್ವಯಿಸುತ್ತದೆ.

ಹೋಲಿಕೆಗೆ ಮುನ್ನ ಎಂಜಿನ್ನಿನ ಒಂದು ಗುಣವನ್ನು ಹೇಳಲೇಬೇಕು. ರೋಟರಿ ಎಂಜಿನ್ನಿನ ದಹನಕೋಶ ಉದ್ದವಾಗಿ, ತೆಳ್ಳಗೆ ಇದ್ದು, ರೋಟರ್‌ನ ಜೊತೆಗೇ ಮುಂದಕ್ಕೆ ಚಲಿಸುತ್ತಿರುತ್ತದೆ. ಆದ್ದರಿಂದ ಪ್ರತಿ ರೋಟರ್‌ಗೂ ಎರಡು ಪ್ಲಗ್‌ಗಳಿವೆ: ಕೆಳಗಿರುವುದು ಲೀಡಿಂಗ್, ಮೇಲಿರುವುದು ಟ್ರೇಲಿಂಗ್. 12ಎ ಎಂಜಿನ್ನಿನಲ್ಲಿ ಐಡ್ಲಿಂಗ್ ಹೊತ್ತಿಗೆ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಲೀಡಿಂಗ್ ಪ್ಲಗ್ ಟಿಡಿಸಿಯಲ್ಲಿಯೂ (ದಹನಕೋಶ ಅತಿ ಕಿರಿದಾಗುವ ಕ್ಷಣ) ಟ್ರೇಲಿಂಗ್ ಪ್ಲಗ್ ಅದಕ್ಕಿಂತ 20 ಡಿಗ್ರಿ ತಡವಾಗಿಯೂ ಕಿಡಿ ಹಾರಿಸುತ್ತವೆ. ದಹನದ ಬಹುಪಾಲು ಕೆಲಸ ಲೀಡಿಂಗ್ ಪ್ಲಗ್‌ನದು. ಹಿಂದುಳಿದ ಮಿಶ್ರಣವನ್ನು ಸುಡುವುದಷ್ಟೇ ಟ್ರೇಲಿಂಗ್‌ನ ಹೊಣೆ. ಟ್ರೇಲಿಂಗ್ ಕಾಯಿಲ್‌ನ ತಂತಿ ಕಳಚಿದರೂ ಕಾರು ಹೆಚ್ಚು ಕಡಿಮೆ ಸರಿಯಾಗಿಯೇ ಓಡುತ್ತದೆ. ಲೀಡಿಂಗ್ ಕಳಚಿದರೆ ಎಂಜಿನ್ ತೆವಳುತ್ತದೆ, ಸೈಲೆನ್ಸರ್ ಕಾದು ಬಿಸಿಯಾಗುತ್ತದೆ. ಹಾಗಾಗಿ ಶ್ರಮವನ್ನೆಲ್ಲ ಲೀಡಿಂಗ್ ಕಡೆಗೇ ಹಾಕುವುದು ನ್ಯಾಯ.

ಮೊದಲನೆಯದು, ಮೂಲ ವ್ಯವಸ್ಥೆಯನ್ನೇ ಹೊಸದಾಗಿಸುವುದು. ಡಿಸ್ಟ್ರಿಬ್ಯೂಟರ್‌ಗೆ ಹೊಸ ಕ್ಯಾಪ್, ಅದರೊಳಗೆ ತಿರುಗುತ್ತ ಕಿಡಿ ಹಂಚುವ ಹೊಸ ರೋಟರ್ ಆರ್ಮ್, ಹೊಸ ಪ್ಲಗ್ ತಂತಿಗಳು, ಸರಿಯಾದ ಪ್ಲಗ್‌ಗಳು, ಶುಚಿಯಾದ ಅರ್ತ್ ಸಂಪರ್ಕ, ಟೈಮಿಂಗ್ ಲೈಟ್ ಹಿಡಿದು ಪುಲ್ಲಿಯ ಎರಡೂ ಗುರುತುಗಳಿಗೆ ಸರಿಹೊಂದಿಸಿದ ಟೈಮಿಂಗ್: ಇಷ್ಟರಿಂದಲೇ ಐಡ್ಲಿಂಗ್ ಎಷ್ಟು ಸುಧಾರಿಸುತ್ತದೆಯೆಂದರೆ, ದುಬಾರಿ ಕಿಟ್‌ಗಳ ಬಗ್ಗೆ ಕೇಳಿಬರುವ ಹೊಗಳಿಕೆಯ ಅರ್ಧ ಭಾಗ ವಾಸ್ತವದಲ್ಲಿ ಅವುಗಳ ಜೊತೆಗೆ ಹಾಕಿದ ಹೊಸ ತಂತಿ ಮತ್ತು ಪ್ಲಗ್‌ಗಳಿಗೆ ಸಲ್ಲಬೇಕಾದುದು ಎಂಬ ಅನುಮಾನ ನನಗಿದೆ. ಮೂಲ ಜೆ-109 ಇಗ್ನೈಟರ್‌ಗಳು ವಯಸ್ಸಾದಂತೆ, ಅದರಲ್ಲೂ ಬಿಸಿಯಾದಾಗ, ಕೈಕೊಡುವುದುಂಟು. ಅವುಗಳ ಬದಲಿಗೆ ಜನರಲ್ ಮೋಟರ್ಸ್‌ನ ನಾಲ್ಕು ಪಿನ್ನಿನ ಎಚ್‌ಇಐ (ಹೈ ಎನರ್ಜಿ ಇಗ್ನಿಷನ್) ಮಾಡ್ಯೂಲನ್ನು ಬಳಸುವುದು ಹಳೆಯ ರೂಢಿ. ಅದರ ಡಬ್ಲ್ಯು ಮತ್ತು ಜಿ ಪಿನ್‌ಗಳು ಡಿಸ್ಟ್ರಿಬ್ಯೂಟರ್‌ನೊಳಗೆ ಕಿಡಿಯ ಹೊತ್ತನ್ನು ಸೂಚಿಸುವ ಪಿಕಪ್ ಕಾಯಿಲ್‌ಗೆ, ಬಿ ಪಿನ್ 12 ವೋಲ್ಟಿಗೆ, ಸಿ ಪಿನ್ ಇಗ್ನಿಷನ್ ಕಾಯಿಲ್‌ನ ಋಣಾಗ್ರಕ್ಕೆ ಸೇರುತ್ತವೆ. ಮಾಡ್ಯೂಲಿನ ಲೋಹದ ತಳವೇ ಅದರ ಅರ್ತ್ ಆಗಿರುವುದರಿಂದಲೂ ಶಾಖ ಹೊರಹೋಗಬೇಕಾದ ದಾರಿಯೂ ಅದೇ ಆಗಿರುವುದರಿಂದಲೂ, ಥರ್ಮಲ್ ಪೇಸ್ಟ್ ಸವರಿ ದಪ್ಪ ಅಲ್ಯೂಮಿನಿಯಂ ತಟ್ಟೆಗೆ ಬಿಗಿಯಾಗಿ ಕೂರಿಸದಿದ್ದರೆ ಅದು ಬಹುಕಾಲ ಬಾಳುವುದಿಲ್ಲ.

ಎರಡನೆಯದು ಸಿಡಿಐ (ಕೆಪಾಸಿಟರ್ ಡಿಸ್ಚಾರ್ಜ್ ಇಗ್ನಿಷನ್) ಪೆಟ್ಟಿಗೆ. ಸಾಮಾನ್ಯ ಕಾಯಿಲ್ ತನ್ನ ಕಾಂತಕ್ಷೇತ್ರದಲ್ಲಿ ಶಕ್ತಿಯನ್ನು ಕೂಡಿಟ್ಟು ಬಿಡುಗಡೆ ಮಾಡುತ್ತದೆ. ಸಿಡಿಐನಲ್ಲಿ ಕೆಪಾಸಿಟರ್ ಮೊದಲೇ ನಾನೂರು ಐನೂರು ವೋಲ್ಟಿನ ಆಸುಪಾಸಿಗೆ ತುಂಬಿಕೊಂಡು, ಅದನ್ನು ಒಮ್ಮೆಲೇ ಕಾಯಿಲ್‌ಗೆ ಸುರಿಯುತ್ತದೆ. ವೋಲ್ಟೇಜ್ ಅತಿವೇಗವಾಗಿ ಏರುವುದರಿಂದ, ಎಣ್ಣೆಯ ಮಸಿ ಕಟ್ಟಿದ ಅಥವಾ ಪೆಟ್ರೋಲಿನಲ್ಲಿ ನೆನೆದ ಪ್ಲಗ್‌ನ ಮೇಲ್ಮೈಯಲ್ಲಿ ವಿದ್ಯುತ್ ಸೋರಿಹೋಗುವ ಮೊದಲೇ ಕಿಡಿ ಹಾರಿಬಿಡುತ್ತದೆ. ರೋಟರ್‌ನ ಸೀಲ್‌ಗಳ ರಕ್ಷಣೆಗೆಂದು ಎಣ್ಣೆಯನ್ನು ಬೇಕೆಂದೇ ಸುಡುವ, ತಣ್ಣಗಿರುವಾಗ ಪೆಟ್ರೋಲ್ ತುಂಬಿಕೊಂಡು ಹಟಹಿಡಿಯುವ ರೋಟರಿಗೆ ಇದು ಬಹಳ ಒಪ್ಪುವ ಗುಣ. ಚಳಿಯಲ್ಲಿ ಎಂಜಿನ್ ಎಬ್ಬಿಸುವ ವಿಷಯದಲ್ಲಿ ನಾಲ್ಕರಲ್ಲಿ ಇದಕ್ಕೇ ನಾನು ಮೊದಲ ಸ್ಥಾನ ಕೊಡುತ್ತೇನೆ. ದೋಷವೂ ಇದೆ: ಸಿಡಿಐ ಕಿಡಿಯ ಆಯುಸ್ಸು ತೀರ ಚಿಕ್ಕದು. ಈ ಕೊರತೆಯನ್ನು ತುಂಬಲು ಇಂಥ ಪೆಟ್ಟಿಗೆಗಳು ಸುಮಾರು 3000 ಆರ್‌ಪಿಎಂವರೆಗೆ ಒಂದರ ಬೆನ್ನಿಗೊಂದು ಹಲವು ಕಿಡಿಗಳನ್ನು ಹಾರಿಸುತ್ತವೆ; ಅದಕ್ಕಿಂತ ಮೇಲೆ ಒಂದೇ ಕಿಡಿ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ ಸಂಗತಿಯೆಂದರೆ, ಅಷ್ಟೆಲ್ಲ ಶಕ್ತಿಯೂ ಹಳೆಯ ಕ್ಯಾಪ್ ಮತ್ತು ರೋಟರ್ ಆರ್ಮ್ ಮೂಲಕವೇ ಹಾದುಹೋಗಬೇಕು ಎಂಬುದು. ಕ್ಯಾಪ್‌ನೊಳಗಿನ ಲೋಹದ ತುದಿಗಳು ಬೇಗನೆ ಸುಟ್ಟು ಬೂದಿಬಣ್ಣಕ್ಕೆ ತಿರುಗುತ್ತವೆ; ತೇವದ ದಿನಗಳಲ್ಲಿ ಕಿಡಿ ಅಡ್ಡದಾರಿ ಹಿಡಿಯುವ ಸಂಭವವೂ ಹೆಚ್ಚುತ್ತದೆ.

ಮೂರನೆಯದು ಡೈರೆಕ್ಟ್ ಫೈರ್, ಅಂದರೆ ಕ್ಯಾಪ್ ದಾಟದೆ ಕಾಯಿಲ್‌ನಿಂದ ನೇರವಾಗಿ ಪ್ಲಗ್‌ಗೆ ಕಿಡಿ. 1986ರಲ್ಲಿ ಬಂದ ಎರಡನೆಯ ತಲೆಮಾರಿನ ಆರ್‌ಎಕ್ಸ್-7ರಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲ. ಅದರ ಲೀಡಿಂಗ್ ಕಾಯಿಲ್‌ಗೆ ಎರಡು ಬಾಯಿಗಳಿದ್ದು, ಎರಡೂ ರೋಟರ್‌ಗಳ ಲೀಡಿಂಗ್ ಪ್ಲಗ್‌ಗಳು ಒಂದೇ ಕ್ಷಣದಲ್ಲಿ ಕಿಡಿ ಹಾರಿಸುತ್ತವೆ. ಒಂದು ಕಿಡಿ ಕೆಲಸಕ್ಕೆ, ಇನ್ನೊಂದು ವ್ಯರ್ಥಕ್ಕೆ. ವ್ಯರ್ಥವಾಗುವ ಕಿಡಿಯ ಕಡೆ ಒತ್ತಡ ಕಡಿಮೆಯಿರುವುದರಿಂದ ಅದಕ್ಕೆ ಖರ್ಚಾಗುವ ವೋಲ್ಟೇಜೂ ಅಲ್ಪವೇ. ಈ ಕಾಯಿಲನ್ನು ತಂದು ಹಳೆಯ ಕಾರಿನ ಲೀಡಿಂಗ್ ಇಗ್ನೈಟರ್‌ಗೋ ಎಚ್‌ಇಐ ಮಾಡ್ಯೂಲಿಗೋ ಜೋಡಿಸಿದರೆ ಕೆಲಸ ಮುಗಿಯಿತು. ಕಾಯಿಲ್ ಜೊತೆಗೆ ಬರುವ ಇಗ್ನೈಟರ್ ಇಸಿಯುವಿನ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸಂಕೇತಕ್ಕೆ ಕಾಯುವಂಥದ್ದಾದ್ದರಿಂದ ಅದನ್ನು ಬದಿಗಿಡಬೇಕು. ಡಿಸ್ಟ್ರಿಬ್ಯೂಟರ್ ಇದ್ದ ಜಾಗದಲ್ಲೇ ಇದ್ದು, ಸಂಕೇತ ಕೊಡುವ ಮತ್ತು ಟೈಮಿಂಗ್ ಮುಂಚಿತಗೊಳಿಸುವ ಕೆಲಸವನ್ನು ಮಾಡುತ್ತದೆ. ಟ್ರೇಲಿಂಗ್ ಕಿಡಿ ಮಾತ್ರ ಕ್ಯಾಪ್ ಮೂಲಕ ಹೋಗುತ್ತದೆ.

ಇದರ ಲಾಭ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಎಕ್ಸೆಂಟ್ರಿಕ್ ಶಾಫ್ಟಿನ (ರೋಟರ್‌ಗಳು ತಿರುಗಿಸುವ ಮುಖ್ಯ ದಂಡ) ಒಂದು ಸುತ್ತಿಗೆ ಪ್ರತಿ ರೋಟರೂ ಒಮ್ಮೆ ಉರಿಯುತ್ತದೆ. 7000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ ಸುಮಾರು 8.6 ಮಿಲಿಸೆಕೆಂಡ್, ಎರಡು ರೋಟರ್‌ಗಳಿಗೆ ಒಂದೇ ಕಾಯಿಲ್ ಎಂದಾಗ, ಶಕ್ತಿ ತುಂಬಿಕೊಂಡು ಕಿಡಿ ಹಾರಿಸುವುದಕ್ಕೆ ಸಿಗುವುದು 4.3 ಮಿಲಿಸೆಕೆಂಡ್ ಮಾತ್ರ. ಮೂಲ ಲೀಡಿಂಗ್ ಕಾಯಿಲ್‌ಗೂ ಡೈರೆಕ್ಟ್ ಫೈರ್ ಕಾಯಿಲ್‌ಗೂ ಈ ಲೆಕ್ಕ ಒಂದೇ. ಅಂದರೆ ಸಮಯದ ಲಾಭವೇನೂ ಇಲ್ಲ. ಆದರೂ ವ್ಯತ್ಯಾಸ ಸ್ಪಷ್ಟವಾಗಿ ತಿಳಿಯುತ್ತದೆ: ಐಡ್ಲಿಂಗ್ ನಯವಾಗುತ್ತದೆ, ಕಡಿಮೆ ವೇಗದಲ್ಲಿ ಆಕ್ಸಿಲರೇಟರ್ ಒತ್ತಿದಾಗ ಬರುತ್ತಿದ್ದ ಮುಗ್ಗರಿಕೆ ಮಾಯವಾಗುತ್ತದೆ, ನಾಲ್ಕು ಸಾವಿರದ ಮೇಲೆ ಎಂಜಿನ್ ಹಗುರವಾಗಿ ಏರುತ್ತದೆ. ರೋಟರ್ ಆರ್ಮ್ ಮತ್ತು ಕ್ಯಾಪ್ ನಡುವಿನ ಗಾಳಿಯ ಅಂತರವನ್ನು ದಾಟಲು ಪೋಲಾಗುತ್ತಿದ್ದ ವೋಲ್ಟೇಜ್ ಪ್ಲಗ್‌ಗೆ ಉಳಿದದ್ದೇ ಇದಕ್ಕೆ ಕಾರಣವೆಂದು ನನ್ನ ತಿಳಿವಳಿಕೆ. ಗರಿಷ್ಠ ಶಕ್ತಿ ಹೆಚ್ಚಿತೆಂದು ಮಾತ್ರ ನಾನು ಹೇಳಲಾರೆ. ಮೂಲ ವ್ಯವಸ್ಥೆ ಆರೋಗ್ಯವಾಗಿದ್ದ ಎಂಜಿನ್ನಿನಲ್ಲಿ ಇಗ್ನಿಷನ್ ಒಂದೇ ಹೊಸ ಅಶ್ವಶಕ್ತಿಯನ್ನು ತಂದುಕೊಡುವುದಿಲ್ಲ.

ಹಾಗಿದ್ದರೆ ಟ್ರೇಲಿಂಗ್‌ಗೂ ಇದೇ ಉಪಾಯ ಮಾಡಬಾರದೇಕೆ? ಮಾಡಬಾರದು. ಅರ್ಧ ಸುತ್ತಿನ ಅಂತರದಲ್ಲಿ ಟ್ರೇಲಿಂಗ್ ಪ್ಲಗ್‌ನ ಮುಂದೆ ಇರುವುದು ಸುಟ್ಟುಮುಗಿದ ಕೋಶವಲ್ಲ, ಹಿಂದಿನಿಂದ ಬರುತ್ತಿರುವ ಕೋಶದ ತಾಜಾ ಮಿಶ್ರಣ. ಅಲ್ಲಿ ವ್ಯರ್ಥ ಕಿಡಿ ಬಿದ್ದರೆ ಅಕಾಲದಲ್ಲಿ ಬೆಂಕಿ ಹೊತ್ತಿಕೊಳ್ಳುತ್ತದೆ. ಮಾಜ್ಡಾ ಎರಡನೆಯ ತಲೆಮಾರಿನಲ್ಲೂ ಟ್ರೇಲಿಂಗ್‌ಗೆ ಪ್ರತ್ಯೇಕವಾಗಿ ಎರಡು ಕಾಯಿಲ್‌ಗಳನ್ನೇ ಇಟ್ಟಿತು. ಇನ್ನೊಂದು ಅನುಕೂಲವೂ ಇದೆ: ಮೊದಲ ತಲೆಮಾರಿನ ಕಾರಿನಲ್ಲಿ ಆರ್‌ಪಿಎಂ ಮೀಟರ್‌ಗೆ ಸಂಕೇತ ಹೋಗುವುದು ಟ್ರೇಲಿಂಗ್ ಕಾಯಿಲ್‌ನಿಂದ. ಟ್ರೇಲಿಂಗ್ ಮುಟ್ಟದಿದ್ದರೆ ಮೀಟರ್ ಎಂದಿನಂತೆ ಕೆಲಸ ಮಾಡುತ್ತದೆ, ಮೀಟರಿನ ಮುಳ್ಳು ಓಡುತ್ತಿರುವಾಗಲೇ ಬಿದ್ದುಹೋದರೆ ಟ್ರೇಲಿಂಗ್ ಸತ್ತಿದೆ ಎಂಬ ಸೂಚನೆಯೂ ಉಚಿತವಾಗಿ ಸಿಗುತ್ತದೆ.

ನಾಲ್ಕನೆಯದು, ಪ್ರತಿ ಪ್ಲಗ್‌ಗೂ ಒಂದೊಂದು ಕಾಯಿಲ್ ಮತ್ತು ಅವುಗಳನ್ನು ಆಳುವ ಇಸಿಯು. ಜನರಲ್ ಮೋಟರ್ಸ್‌ನ ಎಲ್‌ಎಸ್ ಎಂಜಿನ್‌ಗಳ ಕಾಯಿಲ್‌ಗಳಲ್ಲಿ ಇಗ್ನೈಟರ್ ಒಳಗೇ ಇರುವುದರಿಂದ ಈ ಕೆಲಸಕ್ಕೆ ಅವು ಜನಪ್ರಿಯ. ಕಾಯಿಲ್‌ಗೆ ಸಿಗುವ ಸಮಯ ಇಮ್ಮಡಿಯಾಗುತ್ತದೆ, ಡಿಸ್ಟ್ರಿಬ್ಯೂಟರ್‌ನೊಳಗಿನ ಸ್ಪ್ರಿಂಗ್ ಮತ್ತು ತೂಕಗಳ ಬದಲು ಇಸಿಯುವಿನ ಕೋಷ್ಟಕದ ಮೂಲಕ ಟೈಮಿಂಗ್ ನಿರ್ಧಾರವಾಗುತ್ತದೆ, ಲೀಡಿಂಗ್ ಮತ್ತು ಟ್ರೇಲಿಂಗ್ ನಡುವಿನ ಅಂತರವನ್ನು ಭಾರಕ್ಕೆ ತಕ್ಕಂತೆ ಬದಲಿಸಬಹುದು. ಓಡಿಸುವ ಸುಖದಲ್ಲಿ ನಾಲ್ಕರಲ್ಲಿ ಇದೇ ಮೇಲು, ಅನುಮಾನವಿಲ್ಲ. ಆದರೆ ಪುಲ್ಲಿಗೆ ಹಲ್ಲಿನ ಚಕ್ರ, ಅದನ್ನು ಓದುವ ಸೆನ್ಸರ್, ಹೊಸ ವೈರಿಂಗ್, ಗಂಟೆಗಟ್ಟಲೆ ಹೊಂದಾಣಿಕೆ ಎಲ್ಲವೂ ಬೇಕು; ಕಾಯಿಲ್ ತುಂಬಿಕೊಳ್ಳುವ ಅವಧಿಯನ್ನು ಅತಿಯಾಗಿ ಕೊಟ್ಟರೆ ಕಾಯಿಲ್ ಸುಟ್ಟುಹೋಗುತ್ತದೆ, ಕೋಷ್ಟಕದಲ್ಲಿ ಟೈಮಿಂಗ್ ತುಸು ಮುಂಚಿತವಾದರೂ ನಾಕಿಂಗ್ (ಮಿಶ್ರಣ ಹತೋಟಿಯಿಲ್ಲದೆ ಸಿಡಿಯುವುದು) ಶುರುವಾಗಿ ರೋಟರ್‌ನ ಮೂಲೆಗಳಲ್ಲಿರುವ ಏಪೆಕ್ಸ್ ಸೀಲ್ ಒಡೆಯುವ ಅಪಾಯವಿದೆ. ಟರ್ಬೊ ಅಥವಾ ಫ್ಯೂಯೆಲ್ ಇಂಜೆಕ್ಷನ್ ಕೂಡಿಸುವ ಯೋಜನೆ ಇದ್ದವರಿಗೆ ಇದೇ ಸರಿಯಾದ ದಾರಿ. ಕಾರ್ಬ್ಯುರೇಟರನ್ನೇ ಉಳಿಸಿಕೊಳ್ಳುವವರಿಗೆ ಇಷ್ಟು ಖರ್ಚಿನ ಅಗತ್ಯ ನನಗೆ ಕಾಣಲಿಲ್ಲ.

ನನ್ನ ಕಾರಿನಲ್ಲಿ ಈಗ ಉಳಿದಿರುವುದು ಮೂರನೆಯ ವ್ಯವಸ್ಥೆ: ಲೀಡಿಂಗ್‌ಗೆ ಎಚ್‌ಇಐ ಮಾಡ್ಯೂಲಿನೊಂದಿಗೆ ಡೈರೆಕ್ಟ್ ಫೈರ್, ಟ್ರೇಲಿಂಗ್‌ಗೆ ಮೂಲ ಕಾಯಿಲ್ ಮತ್ತು ಮೂಲ ಇಗ್ನೈಟರ್. ಸಿಡಿಐನ ಮುಂಜಾನೆಯ ಚುರುಕು ಇದರಲ್ಲಿ ಪೂರ್ತಿಯಾಗಿ ಇಲ್ಲ. ಚಳಿ ಹೆಚ್ಚಿರುವಲ್ಲಿ ಕಾರನ್ನು ಆಗಾಗ ಕಡಿಮೆ ದೂರಕ್ಕಷ್ಟೇ ಬಳಸುವವರು ಸಿಡಿಐಯನ್ನೇ ಆರಿಸಿಕೊಂಡು, ಕ್ಯಾಪ್ ಮತ್ತು ರೋಟರ್ ಆರ್ಮ್‌ಗಳನ್ನು ಎಂಜಿನ್ ಆಯಿಲ್‌ನಂತೆ ಕಾಲಕಾಲಕ್ಕೆ ಬದಲಿಸುತ್ತ ಹೋದರೆ ಅದನ್ನು ನಾನು ತಪ್ಪು ಆಯ್ಕೆ ಎನ್ನುವುದಿಲ್ಲ.