ಓಡುವ ಗಾಡಿಗೆ ತಾಜಾ ಮ್ಯಾಪ್: ನಾಲ್ಕು ದಾರಿ ಓಡಿಸಿ ನೋಡಿದ್ದು

ಸೇತುವೆ ಮುಚ್ಚಿ ಆಗಲೇ 11 ದಿನ ಆಗಿತ್ತು. ಅಡ್ಡಲಾಗಿ ಬ್ಯಾರಿಕೇಡ್ ಇಟ್ಟಿದ್ದರು. ನನ್ನ ಡ್ಯಾಶ್‌ಬೋರ್ಡ್ ಮೇಲಿನ ಪರದೆ ಮಾತ್ರ ‘ನೇರ ಹೋಗಿ’ ಅಂತಲೇ ಹೇಳುತ್ತಿತ್ತು. ವ್ಯಾನ್ ತಿರುಗಿಸಿಕೊಂಡು ಸುತ್ತು ಹೊಡೆದು ಬರೋಕೆ ಮುಕ್ಕಾಲು ಗಂಟೆ ಹೋಯಿತು. ಮನೆಗೆ ಬಂದು, ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ಆನ್‌ಲೈನ್ ಮ್ಯಾಪ್ ತೆರೆದು ನೋಡಿದರೆ, ಸೇತುವೆ ಮುಚ್ಚಿದ ದಿನವೇ ಯಾರೋ ಪುಣ್ಯಾತ್ಮರು ಅದನ್ನು ಗುರುತು ಮಾಡಿದ್ದರು. ವಿಷಯ ಜಗತ್ತಿಗೆಲ್ಲ ಗೊತ್ತಿತ್ತು. ನನ್ನ ಗಾಡಿಗೆ ಬಂದು ಮುಟ್ಟಿರಲಿಲ್ಲ.

ಅವತ್ತೇ ಶುರುವಾಗಿದ್ದು ಈ ಪ್ರಯೋಗ. ಒಂದೇ ವ್ಯಾನು, ಒಂದೇ ಟ್ಯಾಬ್ಲೆಟ್, ದಿನಾ ಓಡಾಡುವ ಅದೇ ರಸ್ತೆಗಳು. ಮ್ಯಾಪ್ ಎಲ್ಲಾ ಸಲವೂ ಓಪನ್‌ಸ್ಟ್ರೀಟ್‌ಮ್ಯಾಪ್‌ನದೇ. ಅದು ಗಾಡಿಗೆ ಬರುವ ದಾರಿಯನ್ನು ಮಾತ್ರ ಬದಲಿಸುತ್ತಾ ಹೋದೆ. ಒಂದೊಂದನ್ನೂ ಸುಮಾರು ಒಂದು ತಿಂಗಳು ಓಡಿಸಿದೆ. ರಸ್ತೆಯಲ್ಲಿ ಆದ ಬದಲಾವಣೆ ಪರದೆಗೆ ಬರೋಕೆ ಎಷ್ಟು ಹೊತ್ತು? ಸಿಗ್ನಲ್ ಹೋದರೆ ಏನಾಗುತ್ತೆ? ಅಪ್‌ಡೇಟ್ ಅರ್ಧಕ್ಕೆ ನಿಂತರೆ ಏನಾಗುತ್ತೆ? ಈ ಮೂರನ್ನೂ ಬರೆದಿಡುತ್ತಾ ಬಂದೆ. ಕೊನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳೋದಿಲ್ಲ. ನನಗೆ ಜಾಸ್ತಿ ಕಾಟ ಕೊಟ್ಟಿದ್ದು ಅದೇ.

ಮೊದಲನೆಯದು ಹಳೇ ಪದ್ಧತಿ. ಇಡೀ ಪ್ರದೇಶದ ಮ್ಯಾಪನ್ನು ಒಂದೇ ಫೈಲ್ ಮಾಡಿ ಎಸ್‌ಡಿ ಕಾರ್ಡಿಗೆ ತುಂಬಿ ಗಾಡಿಗೆ ಹಾಕೋದು. ಕಾರಿನ ಜೊತೆಗೇ ಬರುವ ಎಷ್ಟೋ ನ್ಯಾವಿಗೇಷನ್‌ಗಳು ವರ್ಷಗಟ್ಟಲೆ ಹೀಗೇ ನಡೆದಿವೆ. ಇದರ ಒಳ್ಳೆಯ ಗುಣ ಏನೆಂದರೆ, ಒಳಗೆ ಇರುವುದೆಲ್ಲ ಒಂದೇ ದಿನದ್ದು. ಒಂದು ರಸ್ತೆ ಹೊಸದು, ಪಕ್ಕದ್ದು ಹಳೇದು ಅನ್ನೋ ಗೊಂದಲವೇ ಇಲ್ಲ. ಸಿಗ್ನಲ್ ಇಲ್ಲದ ಘಾಟಿಯಲ್ಲೂ ಒಂಚೂರೂ ತಡವರಿಸಲಿಲ್ಲ. ಆದರೆ ಫೈಲ್ ತಯಾರಾದ ಮರುದಿನದಿಂದಲೇ ಅದು ಹಳೇದಾಗುತ್ತಾ ಹೋಗುತ್ತೆ. ಸೇತುವೆಯ ಹತ್ತಿರ ನಾನು ಸಿಕ್ಕಿಹಾಕಿಕೊಂಡಿದ್ದು ಇಂಥದ್ದೇ ಫೈಲ್ ನಂಬಿ. ಇನ್ನೊಂದು ತೊಂದರೆಯೂ ಇದೆ. ಹಿಂದೆ ನನ್ನ ಹತ್ತಿರ ಇದ್ದ ಕಾರಿನಲ್ಲಿ ಅಪ್‌ಡೇಟ್ ನಡೆಯುತ್ತಿರುವಾಗ ಇಂಜಿನ್ ಆಫ್ ಮಾಡಿಬಿಟ್ಟೆ. ಹಳೇ ಮ್ಯಾಪ್ ಅಳಿಸಿಹೋಗಿತ್ತು, ಹೊಸದು ಪೂರ್ತಿ ಬಂದಿರಲಿಲ್ಲ. ಮತ್ತೆ ಮೊದಲಿನಿಂದ ತುಂಬುವ ತನಕ ಪರದೆ ಖಾಲಿ.

ಎರಡನೆಯದು, ಬದಲಾದಷ್ಟನ್ನು ಮಾತ್ರ ಕಳಿಸೋದು. ಓಪನ್‌ಸ್ಟ್ರೀಟ್‌ಮ್ಯಾಪ್ ಪ್ರತಿ ನಿಮಿಷ, ಪ್ರತಿ ಗಂಟೆ, ಪ್ರತಿ ದಿನ ಆದ ಬದಲಾವಣೆಗಳನ್ನು ಬೇರೆ ಬೇರೆ ಸಣ್ಣ ಫೈಲ್‌ಗಳಾಗಿ ಎಲ್ಲರಿಗೂ ಕೊಡುತ್ತೆ. ಇಡೀ ಭೂಮಿಯ ಮ್ಯಾಪ್ ಒತ್ತಿ ಕಟ್ಟಿದರೂ 70 ಜಿಬಿಗಿಂತ ಜಾಸ್ತಿ. ಬದಲಾವಣೆ ಅದರ ಮುಂದೆ ಸಾಸಿವೆಯಷ್ಟು. ಪ್ರತಿ ಫೈಲಿಗೂ ಒಂದು ಕ್ರಮಸಂಖ್ಯೆ ಇರುತ್ತೆ. ರಾತ್ರಿ ಗಾಡಿ ನಿಂತಾಗ ವೈಫೈ ಸಿಕ್ಕರೆ ಸಾಕು, ಹಿಂದಿನ ಸಂಖ್ಯೆಯಿಂದ ಮುಂದಕ್ಕೆ ಇಳಿಸಿಕೊಂಡು ಬೆಳಿಗ್ಗೆಗೆ ರೆಡಿ. ನಾನು ದಿನದ ಫೈಲ್ ಇಟ್ಟುಕೊಂಡೆ. ಏಕಮುಖವಾದ ಒಂದು ಬೀದಿ ಮರುದಿನ ಬೆಳಿಗ್ಗೆಯೇ ಪರದೆಗೆ ಬಂತು. ಬಹಳ ಖುಷಿಯಾಯಿತು.

ಖುಷಿ ಜಾಸ್ತಿ ದಿನ ಉಳಿಯಲಿಲ್ಲ. ಕಷ್ಟ ಇರೋದು ಫೈಲ್ ಇಳಿಸೋದರಲ್ಲಿ ಅಲ್ಲ, ಇಳಿಸಿದ ಮೇಲೆ. ದಾರಿ ಹುಡುಕುವ ಸಾಫ್ಟ್‌ವೇರ್ ಮ್ಯಾಪನ್ನು ಹಾಗೇ ಓದೋದಿಲ್ಲ. ಬೇಗ ಉತ್ತರ ಕೊಡಬೇಕು ಅಂತ ಎಷ್ಟೋ ಲೆಕ್ಕಗಳನ್ನು ಮೊದಲೇ ಮಾಡಿ ಇಟ್ಟುಕೊಂಡಿರುತ್ತೆ. ಕಾಂಟ್ರಾಕ್ಷನ್ ಹೈರಾರ್ಕಿ ಅನ್ನೋ ವಿಧಾನದಲ್ಲಿ ಊರಿಂದೂರಿಗೆ ಹೋಗುವ ಉದ್ದನೆಯ ದಾರಿಗಳನ್ನೇ ಒಂದೊಂದು ಗೆರೆಯಾಗಿ ಹೆಣೆದು ಇಟ್ಟಿರುತ್ತಾರೆ. ಒಂದು ಬೀದಿ ಏಕಮುಖವಾದರೆ ಆ ಬೀದಿಯ ಮೇಲೆ ಹಾದುಹೋಗುವ ಎಷ್ಟು ಗೆರೆಗಳು ತಪ್ಪಾದವೋ ಹೇಳೋಕಾಗಲ್ಲ. ಸುಮ್ನೆ ಮತ್ತೆ ಪೂರ್ತಿ ಹೆಣೆಯೋದೇ ವಾಸಿ. ಟ್ಯಾಬ್ಲೆಟ್ ಕೈಯಲ್ಲಿ ಅದು ಆಗುವ ಕೆಲಸ ಅಲ್ಲ. ಮನೆಯ ಕಂಪ್ಯೂಟರಿನಲ್ಲಿ ಹೆಣೆದು ಮತ್ತೆ ದೊಡ್ಡ ಫೈಲನ್ನೇ ಗಾಡಿಗೆ ಕಳಿಸಬೇಕಾಯಿತು. ಅಂದರೆ ತಿರುಗಿ ಮೊದಲನೇ ಪದ್ಧತಿಗೇ ಬಂದು ನಿಂತ ಹಾಗಾಯಿತು.

ಕ್ರಮಸಂಖ್ಯೆಯದ್ದೂ ಒಂದು ಕಟ್ಟುನಿಟ್ಟು ಇದೆ. ನಡುವೆ ಒಂದು ಫೈಲ್ ತಪ್ಪಿದರೆ ಮುಂದಿನದನ್ನು ನಂಬುವ ಹಾಗಿಲ್ಲ. ವ್ಯಾನ್ ರಿಪೇರಿಗೆ ಹೋಗಿ 16 ದಿನ ನಿಂತಿತ್ತು. ಹೊರಗೆ ಬಂದ ದಿನ ಬಾಕಿ ಎಲ್ಲಾ ಫೈಲ್‌ಗಳನ್ನೂ ಸಾಲಾಗಿ ನುಂಗಿ ಮುಗಿಸುವ ತನಕ ಕಾಯಬೇಕಾಯಿತು. ದಿನಾ ಓಡಿ, ರಾತ್ರಿ ಒಂದೇ ಕಡೆ ನಿಲ್ಲುವ ಗಾಡಿಗೆ ಈ ಪದ್ಧತಿ ಚೆನ್ನಾಗಿದೆ. ಅಪರೂಪಕ್ಕೆ ಹೊರಡುವ ಗಾಡಿಗೆ ಆಗಿಬರೋದಿಲ್ಲ.

ಮೂರನೆಯದರ ಮೇಲೆ ನನಗೆ ಬಹಳ ಆಸೆ ಇತ್ತು. ಮ್ಯಾಪನ್ನು ಚೌಕ ಚೌಕ ತುಂಡು ಮಾಡಿ, ಗಾಡಿ ಮುಂದೆ ಹೋದ ಹಾಗೆ ಮುಂದಿನ ತುಂಡುಗಳನ್ನು ಮೊಬೈಲ್ ನೆಟ್‌ವರ್ಕಿನಲ್ಲಿ ತರಿಸಿಕೊಳ್ಳೋದು. ಪರದೆಗೆ ಬಿಡಿಸುವ ಮ್ಯಾಪಿನಲ್ಲಿ 14ನೇ ಜೂಮ್ ಮಟ್ಟದ ಒಂದು ಚೌಕ ಭೂಮಧ್ಯರೇಖೆಯ ಹತ್ತಿರ ಸುಮಾರು 2.4 ಕಿ.ಮೀ. ಅಗಲ. ಧ್ರುವಗಳ ಕಡೆಗೆ ಹೋದಂತೆ ಇನ್ನೂ ಚಿಕ್ಕದು. ಗಂಟೆಗೆ 90 ಕಿ.ಮೀ. ವೇಗದಲ್ಲಿ ಹೋದರೆ ಒಂದು ಚೌಕ ದಾಟೋಕೆ ಸುಮಾರು ಒಂದೂವರೆ ನಿಮಿಷ ಸಾಕು. ಅಷ್ಟರೊಳಗೆ ಮುಂದಿನದು ಬಂದಿರಲೇಬೇಕು. ಹಾಗಾಗಿ ದಾರಿಯ ಉದ್ದಕ್ಕೆ 10 ಚೌಕ, ಅಕ್ಕಪಕ್ಕ ಒಂದೊಂದು, ಒಟ್ಟು 30 ಚೌಕ ಯಾವಾಗಲೂ ಕೈಯಲ್ಲಿ ಇರುವ ಹಾಗೆ ಮಾಡಿದೆ. ಪ್ರತಿ ಚೌಕಕ್ಕೂ ಸರ್ವರ್ ಒಂದು ಗುರುತು ಕೊಟ್ಟಿರುತ್ತೆ. ಗಾಡಿ ಆ ಗುರುತು ಹೇಳಿ ‘ಇದು ಬದಲಾಗಿದೆಯಾ?’ ಅಂತ ಕೇಳುತ್ತೆ. ಇಲ್ಲದಿದ್ದರೆ 304 ಅನ್ನೋ ಸಣ್ಣ ಉತ್ತರ ಅಷ್ಟೇ ಬರುತ್ತೆ, ಚೌಕ ಮತ್ತೆ ಇಳಿಯೋದಿಲ್ಲ. ದಿನಾ ಅದೇ ದಾರಿ ಓಡುವ ಗಾಡಿಗೆ ಇದರಿಂದ ಡೇಟಾ ಬಹಳ ಉಳಿಯುತ್ತೆ.

ತಾಜಾತನದಲ್ಲಿ ಇದನ್ನು ಮೀರಿಸಿದ್ದು ಯಾವುದೂ ಇಲ್ಲ. ಬೆಳಿಗ್ಗೆ ನಾನೇ ತಿದ್ದಿದ ವೇಗಮಿತಿ ಮಧ್ಯಾಹ್ನ ವಾಪಸ್ ಬರುವಾಗ ಪರದೆಯಲ್ಲಿತ್ತು. ಆದರೆ ಟ್ರಾಫಿಕ್ ತಪ್ಪಿಸೋಕೆ ಅಂತ ಗೊತ್ತು ಮಾಡಿದ ದಾರಿ ಬಿಟ್ಟು ಎಡಕ್ಕೆ ಇಳಿದರೆ, ಸಿಗ್ನಲ್ ಇಲ್ಲದ ಕಡೆ ಪರದೆ ಬೆಳ್ಳಗೆ. ಇದು ನಿರೀಕ್ಷೆ ಇದ್ದದ್ದೇ.

ನಿರೀಕ್ಷೆ ಇಲ್ಲದ್ದು ಇನ್ನೊಂದಿತ್ತು. ಪರದೆಗೆ ಬಿಡಿಸುವ ಚೌಕ ಬೇರೆ, ದಾರಿ ಹುಡುಕುವ ಚೌಕ ಬೇರೆ. ದಾರಿಗೆ ನಾನು ವಾಲ್ಹಾಲಾ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಬಳಸಿದೆ. ಅದು ರಸ್ತೆಗಳನ್ನು ಮೂರು ಮಟ್ಟದಲ್ಲಿ ತುಂಡು ಮಾಡುತ್ತೆ: ಅಕ್ಷಾಂಶ-ರೇಖಾಂಶದ ಲೆಕ್ಕದಲ್ಲಿ ಹೆದ್ದಾರಿಗೆ 4 ಡಿಗ್ರಿ, ನಡುವಿನ ರಸ್ತೆಗಳಿಗೆ 1 ಡಿಗ್ರಿ, ಗಲ್ಲಿಗಳಿಗೆ ಕಾಲು ಡಿಗ್ರಿ. ಮೊದಲೇ ಹೆಣೆದ ಉದ್ದದ ಗೆರೆಗಳ ಮೇಲೆ ಅದು ನಿಂತಿಲ್ಲ, ಅದಕ್ಕೇ ಆರಿಸಿಕೊಂಡಿದ್ದು. ಒಂದು ತುಂಡಿನ ರಸ್ತೆ ಪಕ್ಕದ ತುಂಡಿಗೆ ದಾಟುವಾಗ ‘ನಾನು ಆ ತುಂಡಿನ ಇಷ್ಟನೇ ಕೂಡುರಸ್ತೆಗೆ ಸೇರುತ್ತೇನೆ’ ಅಂತ ಬರೆದುಕೊಂಡಿರುತ್ತೆ. ಹೆಸರಿಲ್ಲ, ಜಾಗ ಇಲ್ಲ, ಬರೀ ನಂಬರ್. ಪಕ್ಕದ ತುಂಡು ಹೊಸದಾಗಿ ತಯಾರಾದರೆ ಆ ನಂಬರ್‌ಗಳು ಅದಲುಬದಲಾಗಬಹುದು.

ಹಾಗೇ ಆಯಿತು. ಒಂದು ಕಡೆ ಹೊಸ ವೃತ್ತ ಕಟ್ಟಿದ್ದರು, ಆ ತುಂಡು ಹೊಸದಾಗಿ ಇಳಿಯಿತು. ಅದರ ಪಕ್ಕದ್ದು ಹಳೇದೇ ಇತ್ತು. ಗಾಡಿ ಗಡಿ ದಾಟುವ ಹೊತ್ತಿಗೆ ನೀಲಿ ಗೆರೆ ಒಮ್ಮೆಲೇ ಹಾರಿ, ಹೊಲದಾಚೆ ಎಲ್ಲೋ ಇದ್ದ ಇನ್ನೊಂದು ರಸ್ತೆ ಹಿಡಿಯಿತು. ‘ಬಲಕ್ಕೆ ತಿರುಗಿ’ ಅಂದಿತು ದನಿ. ಬಲಕ್ಕೆ ಇದ್ದದ್ದು ಕಲ್ಲಿನ ಗೋಡೆ. ಹಗಲು ಹೊತ್ತಾದ್ದರಿಂದ ಸರಿ, ಮಳೆಯಲ್ಲಿ ರಾತ್ರಿ ಹೊತ್ತು ಆಗಿದ್ದರೆ? ಎರಡು ತುಂಡೂ ಬಿಡಿಬಿಡಿಯಾಗಿ ಸರಿಯಾಗೇ ಇದ್ದವು. ಹಳೇ ಮ್ಯಾಪ್ ಮುಚ್ಚಿದ ಸೇತುವೆಗೆ ಕರಕೊಂಡು ಹೋಗಿತ್ತು, ಅದು ಕಣ್ಣಿಗೆ ಕಾಣುವ ತಪ್ಪು. ಹಳೇದು ಹೊಸದು ಬೆರೆತ ಮ್ಯಾಪ್ ಇಲ್ಲದ ರಸ್ತೆಯನ್ನೇ ಹುಟ್ಟಿಸಿತು. ನನಗೆ ಇದೇ ಜಾಸ್ತಿ ಅಪಾಯದ್ದು ಅನ್ನಿಸಿತು. ಅಲ್ಲಿಯ ತನಕ ನಾನು ‘ಎಷ್ಟು ಹೊಸದು’ ಅಂತ ಮಾತ್ರ ಅಳೆಯುತ್ತಿದ್ದೆ. ಅವತ್ತಿಂದ ‘ಎಲ್ಲವೂ ಒಂದೇ ದಿನದ್ದಾ’ ಅಂತ ಮೊದಲು ನೋಡುತ್ತೇನೆ.

ನಾಲ್ಕನೆಯದು ರೇಡಿಯೊ. ಆರ್‌ಡಿಎಸ್-ಟಿಎಂಸಿ ಅಂತ ಇದೆ. ಎಫ್‌ಎಂ ಹಾಡಿನ ಜೊತೆಗೇ ಕಿವಿಗೆ ಕೇಳದ ಹಾಗೆ ಮಾಹಿತಿ ಕಳಿಸೋದು ಆರ್‌ಡಿಎಸ್, ಅದರೊಳಗೆ ಬರುವ ಟ್ರಾಫಿಕ್ ಸುದ್ದಿ ಟಿಎಂಸಿ. ಇಡೀ ಆರ್‌ಡಿಎಸ್ ವೇಗವೇ ಸೆಕೆಂಡಿಗೆ 1187.5 ಬಿಟ್. ಅದರಲ್ಲಿ ಸ್ಟೇಷನ್ ಹೆಸರೂ ಬರಬೇಕು, ತಪ್ಪು ತಿದ್ದುವ ಬಿಟ್‌ಗಳೂ ಬರಬೇಕು. ಇದರಲ್ಲಿ ಮ್ಯಾಪ್ ಕಳಿಸುವ ಮಾತೇ ಇಲ್ಲ. ಕಳಿಸೋದು ಚುಟುಕು ಸುದ್ದಿ: ಏನಾಯಿತು ಅನ್ನೋಕೆ 11 ಬಿಟ್, ಎಲ್ಲಿ ಅನ್ನೋಕೆ 16 ಬಿಟ್. 16 ಬಿಟ್ ಅಂದರೆ ಒಂದು ಪಟ್ಟಿಯಲ್ಲಿ ಹೆಚ್ಚೆಂದರೆ 65,536 ಜಾಗ. ಆ ಪಟ್ಟಿ ಗಾಡಿಯಲ್ಲಿ ಮೊದಲೇ ಇರಬೇಕು. ಪಟ್ಟಿಯಲ್ಲಿ ಇಲ್ಲದ ಹೊಸ ರಸ್ತೆಯ ಬಗ್ಗೆ ಮಾತಾಡೋಕೇ ಆಗಲ್ಲ. ಗಲ್ಲಿಗಳ ಸುದ್ದಿಯಂತೂ ಸಿಗಲಿಲ್ಲ. ಆದರೂ ಒಂದು ಗಾಡಿ ಕೇಳಿದರೂ ಅಷ್ಟೇ, ಲಕ್ಷ ಗಾಡಿ ಕೇಳಿದರೂ ಅಷ್ಟೇ, ಕಳಿಸುವವರಿಗೆ ಹೊರೆ ಜಾಸ್ತಿ ಆಗೋದಿಲ್ಲ. ಮೊಬೈಲ್ ನೆಟ್‌ವರ್ಕಿಗೆ ಈ ಗುಣ ಇಲ್ಲ.

ಟಿಎಂಸಿಯಿಂದ ನಾನು ಎತ್ತಿಕೊಂಡಿದ್ದು ಬೇರೆಯೇ ಒಂದು ವಿಷಯ. ಅದರ ಸುದ್ದಿಯಲ್ಲಿ 3 ಬಿಟ್ ‘ಇದು ಎಷ್ಟು ಹೊತ್ತು ಇರುತ್ತೆ’ ಅಂತ ಹೇಳೋಕೆ ಇವೆ. ಈ 3 ಬಿಟ್‌ನ ಬೆಲೆ ಗೊತ್ತಾಗಿದ್ದು ನನ್ನದೇ ಒಂದು ಜೋಡಣೆಯಿಂದ. ಮೂರನೇ ಪದ್ಧತಿಯ ಮೇಲೆ ‘ರಸ್ತೆ ಬಂದ್’ ಸುದ್ದಿಗಳ ಒಂದು ತೆಳು ಪದರ ಹಾಕಿದ್ದೆ. ಪೈಪ್ ಕೆಲಸಕ್ಕೆ ಒಂದು ರಸ್ತೆ ಒಂದೇ ದಿನ ಬಂದ್ ಆಯಿತು. ‘ಬಂದ್’ ಅನ್ನೋ ಸುದ್ದಿ ಗಾಡಿಗೆ ಬಂತು. ‘ತೆರೆದಿದೆ’ ಅನ್ನೋದು ಬರುವ ಹೊತ್ತಿಗೆ ಸಂಪರ್ಕ ಕಡಿದುಹೋಗಿತ್ತು. 9 ದಿನ ವ್ಯಾನು ಚೆನ್ನಾಗಿರುವ ರಸ್ತೆಯನ್ನು ಬಿಟ್ಟು ಸುತ್ತು ಹೊಡೆಯಿತು. ಈಗ ಪ್ರತಿ ಸುದ್ದಿಗೂ ಅವಧಿ ಹಾಕಿದ್ದೇನೆ. ಅವಧಿ ಮುಗಿದರೆ ಯಾರೂ ಹೇಳದಿದ್ದರೂ ಅದು ತಾನೇ ಅಳಿಯುತ್ತೆ.

ಈಗ ವ್ಯಾನಿನಲ್ಲಿ ಓಡುತ್ತಿರೋದು ಬೆರಕೆ. ಇಡೀ ಪ್ರದೇಶದ ಮ್ಯಾಪ್ ಕಾರ್ಡಿನಲ್ಲಿ ಇದ್ದೇ ಇರುತ್ತೆ, ಸಿಗ್ನಲ್ ಹೋದರೂ ಪರದೆ ಬೆಳ್ಳಗಾಗೋದಿಲ್ಲ. ದಾರಿಯ ತುಂಡುಗಳನ್ನು ಮನೆಯ ಕಂಪ್ಯೂಟರ್ ರಾತ್ರಿ ತಯಾರು ಮಾಡುತ್ತೆ. ಒಂದಕ್ಕೊಂದು ಅಂಟಿಕೊಂಡ ತುಂಡುಗಳೆಲ್ಲ ಒಂದು ಕಟ್ಟು, ಬಂದರೆ ಒಟ್ಟಿಗೇ ಬರಬೇಕು. ಬರುತ್ತಿರುವಾಗ ಹಳೇ ಕಟ್ಟನ್ನು ಮುಟ್ಟೋದಿಲ್ಲ. ಪೂರ್ತಿ ಬಂದು, ಲೆಕ್ಕ ತಾಳೆಯಾಗಿ, ಗಾಡಿ ನಿಂತಿರುವಾಗ ಮಾತ್ರ ಹೊಸದಕ್ಕೆ ಬದಲಾಗುತ್ತೆ. ಇಂಜಿನ್ ಯಾವಾಗ ಆಫ್ ಮಾಡಿದರೂ ಒಂದು ಪೂರ್ತಿ ಮ್ಯಾಪ್ ಉಳಿದಿರುತ್ತೆ. ಓಡುವಾಗ ಬರೋದು ಬಂದ್, ವೇಗಮಿತಿ, ಅಪಘಾತ ಇಂಥ ಸಣ್ಣ ಸುದ್ದಿ ಮಾತ್ರ. ಅವನ್ನು ನಂಬರ್ ನೋಡಿ ಕೂರಿಸೋದಿಲ್ಲ, ಜಾಗ ಮತ್ತು ದಿಕ್ಕು ನೋಡಿ ರಸ್ತೆಯ ಮೇಲೆ ಕೂರಿಸುತ್ತೇನೆ. ಕೆಳಗಿನ ಮ್ಯಾಪ್ ಒಂದು ದಿನ ಹಳೇದಾದರೂ ಸುದ್ದಿ ಸರಿಯಾದ ರಸ್ತೆಗೇ ಹೋಗಿ ಸೇರುತ್ತೆ.

ಹೊಸ ರಸ್ತೆ ಒಂದು ದಿನ ತಡವಾಗಿ ಬಂದರೆ ನನಗೆ ನಷ್ಟ ಇಲ್ಲ, ಹಳೇ ರಸ್ತೆಯಲ್ಲೇ ಹೋಗಬಹುದು. ಮುಚ್ಚಿದ ರಸ್ತೆ ತಡ ಆಗಬಾರದು. ವೇಗಮಿತಿಯೂ ಅಷ್ಟೇ. ಯುರೋಪ್ ಒಕ್ಕೂಟದಲ್ಲಿ 2024ರ ಜುಲೈನಿಂದ ಎಲ್ಲಾ ಹೊಸ ಕಾರುಗಳಲ್ಲೂ ಮಿತಿ ಮೀರಿದರೆ ಎಚ್ಚರಿಸುವ ವ್ಯವಸ್ಥೆ ಕಡ್ಡಾಯ. ಅದು ಮಿತಿಯನ್ನು ತಿಳಿಯೋದು ಕ್ಯಾಮೆರಾದಿಂದ, ಮ್ಯಾಪಿನಿಂದ, ಇಲ್ಲಾ ಎರಡರಿಂದಲೂ. ಸುಳ್ಳು ಎಚ್ಚರಿಕೆ ನಾಲ್ಕು ಸಲ ಕೇಳಿದ ಡ್ರೈವರ್ ಐದನೇ ಸಲ ಕಿವಿಗೊಡೋದಿಲ್ಲ, ಅಲ್ವಾ?

ಒಂದು ಕೆಲಸ ಇನ್ನೂ ಬಾಕಿ ಇದೆ. ಕಟ್ಟಿನ ಅಂಚನ್ನು ಎಲ್ಲಿ ಕತ್ತರಿಸಬೇಕು ಅನ್ನೋದು. ದೊಡ್ಡ ಕಟ್ಟಾದರೆ ನಿಧಾನವಾದ ನೆಟ್‌ವರ್ಕಿನಲ್ಲಿ ಪೂರ್ತಿ ಬರೋದೇ ಇಲ್ಲ, ಚಿಕ್ಕದಾದರೆ ಅಂಚುಗಳು ಜಾಸ್ತಿ. ಈ ವಾರ ಅಂಚನ್ನು ನದಿಯ ಗುಂಟ ಹಾಯಿಸಿ ನೋಡುತ್ತಿದ್ದೇನೆ. ಅಲ್ಲಿ ರಸ್ತೆ ದಾಟೋದು ಸೇತುವೆಗಳಲ್ಲಿ ಮಾತ್ರ. ಆ ಮುಚ್ಚಿದ ಸೇತುವೆಯೂ ಸೇರಿ ಬರೀ 7 ಕಡೆ ನಂಬರ್ ತಾಳೆ ನೋಡಿದರೆ ಸಾಕು.