ಬಂಗಾರ ಮಾತ್ರ ಹುಡುಕುತ್ತೆ ಅನ್ನೋ ಮೆಟಲ್ ಡಿಟೆಕ್ಟರ್ ತಗೋಬೇಡಿ

"ಈ ಮಷೀನು ಕಬ್ಬಿಣ ಬಿಟ್ಟು ಬಂಗಾರ ಮಾತ್ರ ತೋರಿಸುತ್ತೆ ಸಾರ್" ಅಂತ ಯಾರಾದರೂ ಅಂದರೆ ಎದ್ದು ಬನ್ನಿ. ಕಾಫಿ ತರಿಸಿದ್ದರೂ ಕುಡಿಯದೆ ಬನ್ನಿ. ನಾನು ಕುಡಿದು, ಇಪ್ಪತ್ತೆಂಟು ಸಾವಿರ ಎಣಿಸಿಕೊಟ್ಟು ಬಂದೆ.

ಸಾಗರದ ಹತ್ತಿರ ನಮ್ಮ ಹಳೇ ಮನೆ. ಅಡುಗೆಮನೆ ಒಡೆದು ಕಟ್ಟಿಸುತ್ತಿದ್ದಾಗ ಹೆಂಡತಿಯ ಒಂದು ಕಿವಿಯೋಲೆ ಹಿತ್ತಲಲ್ಲಿ ಎಲ್ಲೋ ಬಿತ್ತು. ಅತ್ತೆ ಕೊಟ್ಟಿದ್ದ ಜೋಡಿ. ಕೆಲಸ ನಡೆಯುವಾಗ ಹಿತ್ತಲು ಹೇಗಿರುತ್ತೆ ಅಂತ ಮನೆ ಕಟ್ಟಿಸಿದವರಿಗೆ ಗೊತ್ತು. ಬೈಂಡಿಂಗ್ ವೈರ್ ತುಂಡು, ಸೆಂಟ್ರಿಂಗ್ ಮೊಳೆ, ತಗಡು, ಬಿಯರ್ ಬಾಟಲಿ ಮುಚ್ಚಳ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ಖಾಲಿ ಮಾತ್ರೆ ಪಟ್ಟಿ. ಇದೆಲ್ಲ ಅಂಗಡಿಯವನಿಗೆ ಬಿಡಿಸಿ ಹೇಳಿದ್ದೆ. ಮತ್ತೆ ಹೇಳ್ತೀನಿ, ಹೇಳಿಯೇ ತಗೊಂಡಿದ್ದು. ಯಾಕಂದ್ರೆ ಆಮೇಲೆ ಅವನು "ಕಸದ ಜಾಗ ಅಂತ ನೀವು ಹೇಳಲೇ ಇಲ್ಲವಲ್ಲ" ಅಂದ.

ಅಂಗಡಿಯಲ್ಲಿ ಪ್ಲಾಸ್ಟಿಕ್ ಟೇಬಲ್ಲಿನ ಈ ತುದಿಗೆ ಮೊಳೆ, ಆ ತುದಿಗೆ ತನ್ನ ದಪ್ಪ ಉಂಗುರ ಇಟ್ಟ. ಮೊಳೆ ಮೇಲೆ ಆಡಿಸಿದರೆ ಸದ್ದಿಲ್ಲ. ಉಂಗುರದ ಮೇಲೆ ಟಣ್ ಅಂತು. ನೋಡಿ ಸಾರ್, ಅಂದ. ನೋಡಿದೆ.

ಮನೆಗೆ ಬಂದು, ಅವನೇ ಸೆಟ್ ಮಾಡಿಕೊಟ್ಟ "ಬಂಗಾರ ಮಾತ್ರ" ಮೋಡಿನಲ್ಲಿ ಹಿತ್ತಲು ಪೂರ್ತಿ ಆಡಿಸಿದೆ. ತುಕ್ಕು ಹಿಡಿದ ಮುಚ್ಚಳಕ್ಕೆಲ್ಲ ಬಂಗಾರ ಸಿಕ್ಕಂತೆ ಕೂಗುತ್ತೆ! ಅಗೆದು ಅಗೆದು ಮುಚ್ಚಳದ ರಾಶಿಯೇ ಆಯಿತು. ಆಗ ಹೆಂಡತಿ ಉಳಿದಿದ್ದ ಇನ್ನೊಂದು ಓಲೆ ತಂದು ನೆಲದ ಮೇಲಿಟ್ಟು, "ಇದನ್ನಾದರೂ ಹುಡುಕಲಿ ನೋಡೋಣ" ಅಂದಳು. ಕಣ್ಣೆದುರಿಗೆ ಇದೆ. ಮಣ್ಣೊಳಗೂ ಅಲ್ಲ, ಮೇಲೆ. ಆಡಿಸಿದೆ. ಸದ್ದಿಲ್ಲ. ಬಗ್ಗಿ, ಕಾಯಿಲ್ (ಕೋಲಿನ ತುದಿಯ ತಟ್ಟೆ) ತಾಗಿಸಿಯೇ ಆಡಿಸಿದೆ. ಸದ್ದಿಲ್ಲ. ಆ ಮೋಡ್ ತೆಗೆದ ಮೇಲೆ ಸಣ್ಣಗೆ ಕೀ ಅಂತು. ಮೋಡ್ ತೆಗೆದರೆ ಹಿತ್ತಲೆಲ್ಲ ಕೀ ಅನ್ನುತ್ತೆ, ಅದು ಬೇರೆ ಮಾತು. ಓಲೆ ಪಕ್ಕದಲ್ಲೇ ಒಂದು ಮೊಳೆ ಇಟ್ಟೆ, ಆ ಸಣ್ಣ ಸದ್ದೂ ಮೊಳೆಯ ಸದ್ದಿನಲ್ಲಿ ಮುಳುಗಿಹೋಯಿತು. ಹೆಂಡತಿ ಏನೂ ಅನ್ನಲಿಲ್ಲ. ಓಲೆ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ವಿಷಯ ಏನಂದ್ರೆ, ಈ ಮಷೀನಿಗೆ ಬಂಗಾರ ಅಂತ ಗೊತ್ತಾಗೋದಿಲ್ಲ. ಲೋಹದಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತೆ, ತುಂಡು ಎಷ್ಟು ದೊಡ್ಡದು, ದಪ್ಪ, ಯಾವ ಆಕಾರ, ಇದೆಲ್ಲ ಸೇರಿ ಒಂದು ನಂಬರ್ ಬರುತ್ತೆ ಅಷ್ಟೇ. ಸಣ್ಣ ಓಲೆಗೂ ಸಿಗರೇಟ್ ಪ್ಯಾಕಿನ ಅಲ್ಯೂಮಿನಿಯಂ ಕಾಗದಕ್ಕೂ ಹೆಚ್ಚುಕಡಿಮೆ ಒಂದೇ ನಂಬರ್. ಕಾಗದ ಬೇಡ ಅಂತ ಆಫ್ ಮಾಡಿದರೆ ಓಲೆಯೂ ಹೋಯಿತು. ಪಕ್ಕದಲ್ಲಿ ಕಬ್ಬಿಣ ಇದ್ದರಂತೂ ಅದರ ಸದ್ದಿನಲ್ಲಿ ಇದು ಮುಳುಗೇ ಹೋಗುತ್ತೆ. ಇದೇನು ಹೊಸ ಸಂಗತಿಯಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯೊಳಗೆ ಸೇರಿದ್ದ ಗುಂಡು ಹುಡುಕಲು ಟೆಲಿಫೋನಿನ ಗ್ರಹಾಂ ಬೆಲ್ ಇಂಥದ್ದೇ ಯಂತ್ರ ತಂದಿದ್ದ. ಹಾಸಿಗೆಯ ಉಕ್ಕಿನ ತಂತಿಯೇ ಅವನಿಗೂ ಅಡ್ಡ ಬಂತು, ಗುಂಡು ಸಿಗಲಿಲ್ಲ. ಇದು ಮಾರುವವನಿಗೆ ಗೊತ್ತಿರಲ್ವಾ?

ಫೋನ್ ಮಾಡಿದೆ. ಮೊದಲು "ಬ್ಯಾಟರಿ ಬದಲಾಯಿಸಿ" ಅಂದ. ಬದಲಾಯಿಸಿದೆ. ಆಮೇಲೆ "ನಿಮ್ಮ ಕಡೆ ಮಣ್ಣು ಸರಿಯಿಲ್ಲ". ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಮಷೀನು ತಡವರಿಸುತ್ತೆ, ಅದು ನಿಜವೇ. ಆದರೆ ಓಲೆ ಇದ್ದದ್ದು ಮಣ್ಣಿನ ಮೇಲೆ ಕಣಪ್ಪಾ! "ಕೈ ಪಳಗಬೇಕು ಸಾರ್." ದುಡ್ಡು ವಾಪಸ್ ಕೊಡು ಅಂದೆ. "ಬಾಕ್ಸ್ ಓಪನ್ ಆಗಿದೆ." ಓಪನ್ ಮಾಡದೆ ಹುಡುಕೋದು ಹೇಗೆ? ಕೊನೆಗೆ ಬಂದ ಮೆಸೇಜು ಓದಿ ಮೈ ಉರಿದುಹೋಯಿತು: "ಹಳೇ ಕೋಟೆ, ದೇವಸ್ಥಾನದ ಕಡೆ ಟ್ರೈ ಮಾಡಿ ಸಾರ್, ಅಲ್ಲಿ ಕಸ ಕಮ್ಮಿ." ಅಲ್ಲಿ ಅಗೆದರೆ ನಿಧಿಗಳ್ಳ ಅಂತ ನನ್ನನ್ನೇ ಒಳಗೆ ಹಾಕ್ತಾರೆ. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಅಗೆಯಬಾರದು ಅಂತ 1958ರ ಕಾಯ್ದೆಯೇ ಇದೆ. ಸುಮ್ನೆ ಹಿತ್ತಲಲ್ಲಿ ಆಡಿಸಿದ್ದಕ್ಕೇ ಪಕ್ಕದ ಮನೆಯವರು ಬೇಲಿ ಆಚೆಯಿಂದ "ಏನು ಭಟ್ರೇ, ಕೊಪ್ಪರಿಗೆ ಸಿಕ್ತಾ?" ಅಂತ ಕೇಳಿಯಾಗಿದೆ.

ತಗೊಳ್ಳಲೇಬೇಕು ಅಂದರೆ ಕಳೆದ ಒಡವೆಯ ಜೋಡಿ ಜೊತೆಗೆ ಒಂದು ಹಿಡಿ ಮೊಳೆ, ಬಾಟಲಿ ಮುಚ್ಚಳ ತಗೊಂಡು ಹೋಗಿ. ಎಲ್ಲ ಒಟ್ಟಿಗೆ ಸುರಿದು, ಈಗ ತೋರಿಸಪ್ಪಾ ಅನ್ನಿ. ದೊಡ್ಡ ಕಾಯಿಲ್ ಅಂತ ಆಸೆ ಹುಟ್ಟಿಸ್ತಾರೆ, ಬೇಡ. ಅದರಡಿ ನಾಲ್ಕೈದು ಕಬ್ಬಿಣ ಒಟ್ಟಿಗೆ ಬರುತ್ತೆ. ಕಸದ ಜಾಗಕ್ಕೆ ಐದಾರು ಇಂಚಿನದೇ ಸರಿ.

ಬಿಲ್ ಕೂಡ ಅಲ್ಲೇ ಓದಿ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ, ಬಿಲ್ಲಿನಲ್ಲಿ ಯಾವ ಮಾಡೆಲ್ ಇದೆ ಅಂತ ಕೇಳಿದರು. ನನ್ನ ಬಿಲ್ಲಿನಲ್ಲಿ "ಎಲೆಕ್ಟ್ರಾನಿಕ್ ಐಟಂ, 1" ಅಂತ ಮಾತ್ರ ಇದೆ. ಆದರೂ ದೂರು ಬರೆಸಿದ್ದೇನೆ.